ಅವ್ವನ ಸಂಚಿ ಕಟ್ಟಿಕೊಂಡು 42 ಕಿಲೋಮೀಟರ್

ಅವ್ವನ ಸೊಂಟದಲ್ಲಿ ಯಾವಾಗಲೂ ಒಂದು ಸಂಚಿ ಇರುತ್ತಿತ್ತು. ಒಂದು ಕಡೆ ಎಲೆ, ಇನ್ನೊಂದು ಕಡೆ ಅಡಿಕೆ, ಸುಣ್ಣದ ಡಬ್ಬಿ, ಒಳಗಡೆ ಹೊಗೆಸೊಪ್ಪು. ಮಂಡ್ಯ ಕಡೆಯ ನಮ್ಮ ಹಳ್ಳಿಯಲ್ಲಿ ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಹಸಿವು ಮರೆಸುವುದು ಅದೇ. ಕೆನ್ನೆಯೊಳಗೆ ಹುಣ್ಣಾದಾಗ ನಾಲ್ಕು ತಿಂಗಳು ತುಪ್ಪ ಸವರಿಕೊಂಡು ಸುಮ್ಮನಿದ್ದಳು. ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯದೆ ಹೋದಾಗಲೇ ಬಾಯಿ ಕ್ಯಾನ್ಸರ್ ಅಂತ ನಮಗೆ ಗೊತ್ತಾಗಿದ್ದು. ಆಪರೇಷನ್ ಆಯಿತು, ಆಮೇಲೆ 33 ರೇಡಿಯೇಷನ್. ಒಂದೂವರೆ ವರ್ಷಕ್ಕೆ ಹೋಗಿಬಿಟ್ಟಳು.

ನಾನು ಮೊದಲಿಂದ ಓಡುತ್ತಿದ್ದೆ, ಅಬ್ಬಬ್ಬಾ ಅಂದರೆ ಹಾಫ್ ಮ್ಯಾರಥಾನ್, ಅಂದರೆ 21 ಕಿ.ಮೀ. ಆ ವರ್ಷ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಜನವರಿಯಲ್ಲಿ ಓಟ, 42.195 ಕಿ.ಮೀ. ಒಂದೊಂದು ರೇಡಿಯೇಷನ್‌ಗೆ ಒಂದೊಂದು ಕಿಲೋಮೀಟರ್ ಅಂತ ಮನಸ್ಸಲ್ಲೇ ಲೆಕ್ಕ ಹಾಕಿಕೊಂಡೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮೂವತ್ತಮೂರರಲ್ಲಿ ನೀನು ಎಷ್ಟು ದಿನ ಬಂದಿದ್ದೆ?" ಅಂದಳು.

ಏಳು ದಿನ. ಉಳಿದ ಇಪ್ಪತ್ತಾರು ದಿನ ಅವಳೇ ಕರೆದುಕೊಂಡು ಹೋಗಿದ್ದಳು. ನನಗೆ ಆಫೀಸಿತ್ತು.

ತಯಾರಿ 20 ವಾರ. ಭಾನುವಾರ ಕಬ್ಬನ್ ಪಾರ್ಕ್ ಸುತ್ತಮುತ್ತ ಉದ್ದದ ಓಟ, ಉಳಿದ ದಿನ ಮನೆ ಹತ್ತಿರ. ವಾರ ವಾರ ಸ್ವಲ್ಪ ಸ್ವಲ್ಪವೇ ದೂರ ಏರಿಸುತ್ತಾ, ಓಟಕ್ಕೆ ಮೂರು ವಾರ ಇರುವಾಗ 32 ಕಿ.ಮೀ. ಮುಟ್ಟಬೇಕಿತ್ತು. ನವೆಂಬರ್‌ನಲ್ಲಿ ಕೆಡಿಸಿಕೊಂಡೆ. ಸಂಕಟ ಬಂದಾಗೆಲ್ಲ ಬೂಟು ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಅಳು ಬಂದರೆ ವೇಗ ಜಾಸ್ತಿಯಾಗುತ್ತದೆ, ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಮೊಣಕಾಲ ಕೆಳಗಿನ ಮೂಳೆ ನೋವು ಶುರುವಾಗಿ ಹತ್ತು ದಿನ ಮಲಗಿದೆ. ಆಮೇಲೆ ನಿಯಮ ಮಾಡಿಕೊಂಡೆ: ತಯಾರಿ ಪಟ್ಟಿಯಲ್ಲಿ ಓಟ ಇರದ ದಿನ ಎಷ್ಟೇ ಬೇಜಾರಾದರೂ ಬರೀ ನಡೆಯುವುದು.

ಸಂಚಿಯನ್ನು ಮೂರು ಸಲ ಒಗೆದು, ಟೈಲರ್ ಹತ್ತಿರ ಎಲಾಸ್ಟಿಕ್ ಪಟ್ಟಿಗೆ ಹೊಲಿಸಿದೆ. ಖರ್ಜೂರ, ಬೆಲ್ಲದ ಚೂರು, ಉಪ್ಪಿನ ಪೊಟ್ಟಣ, ಓಡುವಾಗ ಶಕ್ತಿಗೆ ತಿನ್ನುವ ಎರಡು ಜೆಲ್ ಸರಿಯಾಗಿ ಕೂರುತ್ತಿದ್ದವು. ಮೊದಲ ಉದ್ದದ ಓಟದಲ್ಲಿ ಸೊಂಟ ಕೆಂಪಗೆ ತರಚಿತು. ಆಮೇಲಿಂದ ಅಲ್ಲಿ ವ್ಯಾಸಲೀನ್. ಓಟದ ದಿನವೇ ಹೊಸದೇನನ್ನೂ ಕಟ್ಟಿಕೊಳ್ಳಬಾರದು ಅಂತಾರಲ್ಲ, ನೆನಪಿನ ವಸ್ತುವಿಗೂ ಅದೇ ಮಾತು.

ಅಕ್ಕ ನೋಡಿ, "ಅದೇ ಕಣೋ ಅವ್ವನ್ನ ತಿಂದಿದ್ದು. ಅದನ್ನ ಕಟ್ಕೊಂಡು ಓಡ್ತೀಯಾ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಅವ್ವ ದಿನವೂ ಮುಟ್ಟುತ್ತಿದ್ದ ವಸ್ತು ನನ್ನ ಹತ್ತಿರ ಉಳಿದಿದ್ದು ಅದೊಂದೇ.

2004ರಿಂದ ನಡೆಯುತ್ತಿರುವ ಈ ಓಟದಲ್ಲಿ ಸಂಸ್ಥೆಗಳಿಗೆ ಹಣ ಎತ್ತಿಕೊಡುವ ವ್ಯವಸ್ಥೆ ಇದೆ. ನಾನು ಮನೆಮಟ್ಟಕ್ಕೆ ನಿಂತೆ. ನೆಂಟರು ಕಿಲೋಮೀಟರ್‌ಗೆ ಹತ್ತು ರೂಪಾಯಿ ಕೊಡಬೇಕು, ಆ ದುಡ್ಡು ಆಸ್ಪತ್ರೆ ಪಕ್ಕದ ಧರ್ಮಶಾಲೆಗೆ. ಎಲೆ ಅಡಿಕೆ, ಗುಟ್ಕಾ ಹಾಕುವವರಿಗೆ ದುಡ್ಡು ಮಾಫಿ, ಬದಲಿಗೆ ಬಾಯಿ ತೋರಿಸಿಕೊಂಡು ಬರಬೇಕು. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಬಿಗಿಯುವುದು, ಇವು ಇದ್ದರೆ ತಡ ಮಾಡಬಾರದು ಅಂತ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಇಬ್ಬರು ಮಾವಂದಿರು ತೋರಿಸಿಕೊಂಡರು. ದೊಡ್ಡಮ್ಮ ಮಾತ್ರ, "ದುಡ್ಡೇ ಕೊಡ್ತೀನಿ ಬಿಡಪ್ಪ" ಅಂದರು.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈ ಸಿಎಸ್‌ಎಂಟಿಯಲ್ಲಿ ಇಳಿದೆ. ಭಾನುವಾರ ಕತ್ತಲಲ್ಲೇ ಓಟ ಶುರುವಾಗಿದ್ದೂ ಅದೇ ಸ್ಟೇಷನ್ ಎದುರು. ಒಂದನೇ ದಿನ, ಎರಡನೇ ದಿನ ಅಂತ ಎಣಿಸುತ್ತಾ ಹೋದೆ. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ಬೆಳಕು ಹರಿಯುವಷ್ಟರಲ್ಲಿ ಲೆಕ್ಕ ತಪ್ಪಿತ್ತು. ನಿಜ ಹೇಳಬೇಕೆಂದರೆ ಆಗ ಅವ್ವನ ನೆನಪೂ ಇರಲಿಲ್ಲ, ನೀರು ಎಲ್ಲಿ ಸಿಗುತ್ತೆ ಅನ್ನೋದೊಂದೇ ತಲೆಯಲ್ಲಿ. ಬೆಂಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡಿದವನಿಗೆ ಸಮುದ್ರದ ಸೆಖೆ ಕಷ್ಟ. ಶುರುವಿನಿಂದಲೇ ನಿಧಾನವಾಗಿ ಹೋಗಬೇಕಿತ್ತು, ಹೋಗಲಿಲ್ಲ.

ಸುಮಾರು 29ನೇ ಕಿಲೋಮೀಟರ್‌ನಲ್ಲಿ ಬೆಲ್ಲಕ್ಕೆ ಕೈ ಹಾಕಿದೆ. ಬೆವರಲ್ಲಿ ನೆಂದ ಸಂಚಿಯಿಂದ ಘಮ್ಮಂತ ಹೊಗೆಸೊಪ್ಪಿನ ವಾಸನೆ ಬಂತು. ಮೂರು ಸಲ ಒಗೆದಿದ್ದೆ. ಅವ್ವ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರಿದ ಹಾಗೇ. ರಸ್ತೆ ಬದಿಗೆ ಬಂದು ನಿಂತುಬಿಟ್ಟೆ. ಬೆಲ್ಲ ಬಾಯಿಗೆ ಹೋಗಲಿಲ್ಲ.

ಆಮೇಲೆ ಓಡಿದ್ದು ಕಡಿಮೆ, ನಡೆದದ್ದೇ ಜಾಸ್ತಿ. ಕೊನೆಯ ಹೊತ್ತಿಗೆ ಬರುವ ಪೆಡ್ಡರ್ ರೋಡ್ ಏರಿನಲ್ಲಿ ಯಾರೋ ಅಜ್ಜಿ ಕಿತ್ತಳೆ ತೊಳೆ ಕೈಗಿಟ್ಟರು. ಅದನ್ನು ಚೀಪಿಕೊಂಡು ಹತ್ತಿದೆ. 5 ಗಂಟೆ 21 ನಿಮಿಷ.

ಮೆಡಲ್ ಹಾಕಿಕೊಂಡು ಅಕ್ಕನಿಗೆ ಫೋನ್ ಮಾಡಿದೆ. "ಮುಗೀತಾ? ಒಳ್ಳೇದಾಯ್ತು" ಅಂದಳು. "ದೊಡ್ಡಮ್ಮನ್ನ ಒಪ್ಪಿಸಿದ್ದೀನಿ. ಬುಧವಾರ ಡಾಕ್ಟರ ಹತ್ರ ಹೋಗ್ಬೇಕು. ಈ ಸಲ ನೀನು ಕರ್ಕೊಂಡು ಹೋಗು."

ಬುಧವಾರ ರಜೆ ಹಾಕಿ ಹೋದೆ. ತೊಡೆ ಇನ್ನೂ ಕಲ್ಲಾಗಿತ್ತು, ಆಸ್ಪತ್ರೆಯ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ದೊಡ್ಡಮ್ಮನೇ ನನ್ನ ಕೈ ಹಿಡಿದುಕೊಂಡು ಇಳಿಸಿದರು.