ಆರು ಸೆಕೆಂಡಿನ ಲೆಕ್ಕ

ನಮ್ಮ ಬೀದಿಗೆ ಮೊದಲ ಹಂಪ್ ಹಾಕಿದವರು ನಾವೇ. ರಾತ್ರಿ ಹತ್ತೂವರೆಗೆ, ಯಾರನ್ನೂ ಕೇಳದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ಹತ್ತಿಪ್ಪತ್ತು ಬಾಂಡ್ಲಿ ಕಾಂಕ್ರೀಟು ತರಿಸಿ, ರಸ್ತೆಗೆ ಅಡ್ಡಲಾಗಿ ಸುರಿದು, ಮೇಲೆ ಕರಣೆ ಆಡಿಸಿ ಹೋಗಿ ಮಲಗಿದೆವು. ಬೆಳಿಗ್ಗೆ ಎಲ್ಲರಿಗೂ ಖುಷಿ. ಸಂಘದ ಕಾರ್ಯದರ್ಶಿಯಾಗಿ ನನಗೆ ಸ್ವಲ್ಪ ಹೆಚ್ಚೇ.

ಹದಿನೈದು ದಿನ ಕಳೆದಿರಲಿಲ್ಲ. ಎರಡು ಮನೆಗಳಿಗೆ ಅಡುಗೆಗೆ ಬರುತ್ತಿದ್ದ ಹೆಂಗಸು ಗಂಡನ ಸ್ಕೂಟರಿನಲ್ಲಿ ಒಂದೇ ಬದಿಗೆ ಕಾಲಿಳಿಬಿಟ್ಟು ಕುಳಿತು ಬರುತ್ತಿದ್ದರು. ಬಣ್ಣ ಬಳಿಯದ ಹಂಪ್ ಮುಸ್ಸಂಜೆಯಲ್ಲಿ ಕಾಣಲಿಲ್ಲ. ಗಾಡಿ ಎಗರಿತು, ಅವರು ಬಿದ್ದರು, ಬಲಗೈ ಮಣಿಕಟ್ಟು ಮುರಿಯಿತು. "ಕೈ ಕೂಡಿಕೊಳ್ಳುತ್ತದೆ ಬಿಡಿ ಅಮ್ಮ, ಎರಡು ತಿಂಗಳ ಕೆಲಸ ಹೋಯಿತಲ್ಲ" ಎಂದರು. ಆಸ್ಪತ್ರೆಯ ಖರ್ಚನ್ನೂ ಎರಡು ತಿಂಗಳ ಸಂಬಳವನ್ನೂ ಸಂಘದಿಂದ ಕೊಟ್ಟೆವು. ಆ ಹಂಪ್ ಯಾರು ಹಾಕಿದ್ದೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಮ್ಮದು ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆ. ಬೀದಿಯ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಬೆಟ್ಟದಿಂದ ಇಳಿದು ಬಂದ ಕುರುಚಲು ಕಾಡು. ರಸ್ತೆ ದಾರ ಹಿಡಿದು ಎಳೆದಷ್ಟು ನೇರ. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಇದೊಂದು ಒಳದಾರಿ ಎಂಬುದು ಊರಿಗೆಲ್ಲ ತಿಳಿದುಹೋಗಿತ್ತು. ಸಂಜೆ ಮಕ್ಕಳ ಸೈಕಲ್ಲು ಓಡಾಡುವುದು ಅಲ್ಲೇ. ಮುಂಗುಸಿ, ಮೊಲ, ಕೇರೆಹಾವು, ಉಡ ರಸ್ತೆ ದಾಟುವುದೂ ಅಲ್ಲೇ. ಬೆಳಗಿನ ವಾಕಿಂಗ್‌ನಲ್ಲಿ ಡಾಂಬರಿಗೆ ಅಂಟಿಹೋದ ಏನಾದರೊಂದು ಜೀವ ಕಾಣದ ದಿನ ಕಡಿಮೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಹಾಗಿದ್ದೂ ಒಂದೇ ಒಂದು ಅಳತೆ ತೆಗೆದುಕೊಳ್ಳದೆ ಕಾಂಕ್ರೀಟು ಸುರಿದಿದ್ದೆ. ಆ ನಾಚಿಕೆಯಿಂದಲೇ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಟೇಪು ಹಿಡಿದು ರಸ್ತೆಯ ಮೇಲೆ ಐವತ್ತು ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದೆ. ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಾ ಕುಳಿತೆ. ಐವತ್ತು ಮೀಟರಿಗೆ ಲೆಕ್ಕ ಬಹಳ ಸುಲಭ: 180ನ್ನು ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಆರು ಸೆಕೆಂಡು ಹಿಡಿದರೆ ಮೂವತ್ತು. ನಾಲ್ಕು ಹಿಡಿದರೆ ನಲವತ್ತೈದು.

ನೆರೆಹೊರೆಯವರು "ಎಲ್ಲರೂ ಎಂಬತ್ತರಲ್ಲಿ ಹೋಗುತ್ತಾರೆ" ಎನ್ನುತ್ತಿದ್ದರು. ಎಂಬತ್ತು ಒಂದೂ ಇರಲಿಲ್ಲ. ಆದರೆ ಆರು ಸೆಕೆಂಡು ತೆಗೆದುಕೊಂಡವರೂ ಬೆರಳೆಣಿಕೆಯಷ್ಟೇ. ಬಹುತೇಕ ಗಾಡಿಗಳು ನಾಲ್ಕರ ಆಸುಪಾಸಿನಲ್ಲಿದ್ದವು. ಊಟ ತಂದುಕೊಡುವ ಹುಡುಗರನ್ನು ಬೈಯುವುದು ನಮ್ಮ ಸಭೆಗಳ ವಾಡಿಕೆ. ನನ್ನ ಪಟ್ಟಿಯಲ್ಲಿ ಅರ್ಧಕ್ಕರ್ಧ ನಂಬರುಗಳು ನಮ್ಮದೇ ಬಡಾವಣೆಯ ಕಾರುಗಳದ್ದು. ಅದರಲ್ಲೊಂದು 3.9 ಸೆಕೆಂಡು, ನಮ್ಮ ಯಜಮಾನರದು. ಅಂದು ಸಂಜೆ ಕಾಫಿ ಲೋಟದ ಪಕ್ಕ ಆ ಚೀಟಿ ಇಟ್ಟೆ. ಅವರು ಮಾತಾಡಲಿಲ್ಲ, ಕಾಫಿ ಮಾತ್ರ ಕುಡಿದರು.

ಎಲ್ಲರನ್ನೂ ಆರು ಸೆಕೆಂಡಿಗೆ, ಅಂದರೆ ಗಂಟೆಗೆ ಮೂವತ್ತಕ್ಕೆ ಇಳಿಸಬೇಕೆಂಬುದು ನನ್ನ ಗುರಿ. ಮೂವತ್ತೇ ಏಕೆ ಎಂದು ಸಭೆಯಲ್ಲಿ ಕೇಳಿದರು. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿದರೂ, ಮೂವತ್ತರಲ್ಲಿರುವ ಕಾರು ಅಷ್ಟರಲ್ಲಿ ಎಂಟು ಮೀಟರು ಚಿಲ್ಲರೆ ಹೋಗಿರುತ್ತದೆ, ಐವತ್ತರದ್ದು ಹದಿನಾಲ್ಕು ಮೀಟರು. ಬ್ರೇಕು ಹಿಡಿಯುವುದು ಅದಾದ ಮೇಲೆ. ಗುದ್ದಿನ ಶಕ್ತಿಯಾದರೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಐವತ್ತರ ಗುದ್ದು ಮೂವತ್ತರ ಗುದ್ದಿನ ಎರಡು ಮುಕ್ಕಾಲು ಪಟ್ಟು. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ದೇಶಗಳು ಜನ ಮತ್ತು ವಾಹನ ಬೆರೆಯುವ ಬೀದಿಗಳಿಗೆ ಒಪ್ಪಿಕೊಂಡ ಮಿತಿಯೂ ಇದೇ ಮೂವತ್ತು.

ಆ ಪಟ್ಟಿ ಹಿಡಿದು ರಸ್ತೆ ನೋಡಿಕೊಳ್ಳುವ ಎಂಜಿನಿಯರರ ಕಚೇರಿಗೆ ಹೋದೆ. ಎಂಜಿನಿಯರ್ ನಕ್ಕರು. "ಮೇಡಂ, ಹಂಪ್ ಹಾಕಿ ಎಂದು ಒಂದು ಅರ್ಜಿ ಬರುತ್ತದೆ, ಹಂಪ್ ತೆಗೆಯಿರಿ ಎಂದು ಇನ್ನೊಂದು. ಎರಡೂ ಒಂದೇ ಬೀದಿಯಿಂದ." ನಮ್ಮ ಕಳ್ಳ ಹಂಪ್ ಕಥೆಯನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಕ್ಷೆ ತೆಗೆದು ತೋರಿಸಿದರು. ಗಾಡಿ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಬಾಗು 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಮನೆಗೆ ಬಂದು ಲೆಕ್ಕ ಹಾಕಿದೆ, ಮೂರೂ ಒಂದಕ್ಕೊಂದು ಕೂಡಿಬಂದವು. ಇಂಥ ಹಂಪ್ ಅನ್ನು ಇಪ್ಪತ್ತೈದರಲ್ಲಿ ದಾಟಿದರೆ ತೊಟ್ಟಿಲು ತೂಗಿದಂತೆ ಏರಿ ಇಳಿಯುತ್ತದೆ, ಮೀರಿದರೆ ಮೈ ಕುಲುಕುತ್ತದೆ. ನಮ್ಮದು ಒಂದೂವರೆ ಅಡಿ ಅಗಲದ ದಿಣ್ಣೆ. ಅದರ ಮೇಲೆ ಜೋರಾಗಿ ಹೋದರೆ ಚಕ್ರದ ಸ್ಪ್ರಿಂಗೇ ಪೆಟ್ಟು ನುಂಗಿಬಿಡುತ್ತದೆ, ಮೆಲ್ಲಗೆ ಹೋದವರಿಗೇ ಸೊಂಟ ನೋವು. ಬೈಕಿನ ಹುಡುಗರು ಇದನ್ನು ಎರಡೇ ದಿನದಲ್ಲಿ ಕಂಡುಹಿಡಿದಿದ್ದರು.

ಹಳೆಯದನ್ನು ಒಡೆಸಿದೆವು. ಅಳತೆಯಂತೆ ಎರಡು ಹೊಸ ಹಂಪ್ ಆದವು, ಪಟ್ಟೆ ಬಳಿದು, ನಲವತ್ತು ಮೀಟರ್ ಮೊದಲೇ ಫಲಕ ನೆಟ್ಟು. ಅರ್ಜಿ, ಪೊಲೀಸರ ಒಪ್ಪಿಗೆ, ಮಳೆಗಾಲ ಮುಗಿಯಲೆಂದು ಕಾದದ್ದು ಎಲ್ಲ ಸೇರಿ ಹನ್ನೊಂದು ತಿಂಗಳು ಹಿಡಿಯಿತು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ತಿರುವಿನ ಕೆಲಸ. ದೊಡ್ಡ ರಸ್ತೆಯಿಂದ ನಮ್ಮ ಬೀದಿಗೆ ಹೊರಳುವ ಮೂಲೆಯನ್ನು ಎಷ್ಟು ಧಾರಾಳವಾಗಿ ಬಿಟ್ಟಿದ್ದರೆಂದರೆ ಬ್ರೇಕು ಮುಟ್ಟದೆಯೇ ತಿರುಗಬಹುದಿತ್ತು. ಕ್ರೀಡಾದಿನಕ್ಕೆ ಮೈದಾನದಲ್ಲಿ ಎಳೆಯುತ್ತಿದ್ದಂತೆ ಆ ಮೂಲೆಗೆಲ್ಲ ತೆಳ್ಳಗೆ ಸುಣ್ಣದ ಪುಡಿ ಹರಡಿ ಸಂಜೆ ಹೋಗಿ ನೋಡಿದೆ. ಕಸದ ಲಾರಿ, ಶಾಲೆಯ ಬಸ್ಸು ನಿಧಾನವಾಗಿ ತಿರುಗಿದಾಗ ಬಳಸುವ ಜಾಗ ಸ್ವಲ್ಪವೇ. ಒಳಮೂಲೆಯ ಅಷ್ಟಗಲ ಸುಣ್ಣದ ಮೇಲೆ ಇದ್ದದ್ದು ಕಾರು, ಬೈಕುಗಳ ವೇಗದ ಗೆರೆಗಳು ಮಾತ್ರ. ಎಂಜಿನಿಯರರ ಒಪ್ಪಿಗೆ ಪಡೆದು ಅಲ್ಲಿ ಸಿಮೆಂಟಿನ ಕುಂಡಗಳನ್ನು ಇಟ್ಟು ದಾಸವಾಳ ಹಾಕಿದೆವು. ಮೂಲೆ ಚೂಪಾಯಿತು. ನನ್ನನ್ನು ಕೇಳಿದರೆ ಎರಡು ಹಂಪ್‌ಗಳಿಗಿಂತ ಆ ಕುಂಡಗಳದ್ದೇ ಹೆಚ್ಚಿನ ಕೆಲಸ. ಸದ್ದಿಲ್ಲ, ಬೆನ್ನು ನೋವಿಲ್ಲ.

ಪ್ರಾಣಿಗಳ ವಿಷಯಕ್ಕೆ ಬಂದರೆ ನಾನು ಅಂದುಕೊಂಡದ್ದು ಅರ್ಧ ತಪ್ಪು. ಅವು ಬೀದಿಯುದ್ದಕ್ಕೂ ದಾಟುವುದಿಲ್ಲ. ಸತ್ತವು ಸಿಕ್ಕಿದ ಜಾಗಕ್ಕೆಲ್ಲ ಕಾಂಪೌಂಡಿನ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಾ ಬಂದೆ. ಹೆಚ್ಚಿನ ಗುರುತುಗಳು ಒಂದೇ ಕಡೆ ಗುಂಪುಗೂಡಿದವು: ಬೆಟ್ಟದ ಹಳ್ಳ ರಸ್ತೆಯ ಕೆಳಗೆ ನುಸುಳುವ ಮೋರಿಯ ಹತ್ತಿರ. ಮೋರಿಯ ಪೈಪು ಪ್ಲಾಸ್ಟಿಕ್ಕು, ಒಡೆದ ಹೆಂಚು, ಮಣ್ಣಿನಿಂದ ಕಟ್ಟಿಹೋಗಿತ್ತು. ಕೆಳಗಿನ ದಾರಿ ಮುಚ್ಚಿದ್ದಕ್ಕೆ ಅವು ಮೇಲೆ ಬರುತ್ತಿದ್ದವು. ಆ ಕಸವನ್ನು ತೆಗೆಸಿ, ಒಳಗೆ ಒಂದು ಅಂಚಿಗೆ ನೀರು ತಾಗದಂತೆ ಚಪ್ಪಡಿ ಕಲ್ಲು ಜೋಡಿಸಿದೆವು. ಬಾಯಿಯಲ್ಲಿ ಜರಡಿ ಹಿಡಿದ ಮರಳು ಹರಡಿದ ಮೂರನೆಯ ಬೆಳಿಗ್ಗೆ ಮುಂಗುಸಿಯ ಪುಟ್ಟ ಐದು ಬೆರಳಿನ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಮೊಲ ಮಾತ್ರ ಪೈಪಿನೊಳಗೆ ಕಾಲಿಡಲೊಲ್ಲದು, ಈಗಲೂ ಮೇಲೆಯೇ ದಾಟುತ್ತದೆ. ಎರಡನೆಯ ಹಂಪ್ ಅನ್ನು ಹಟ ಹಿಡಿದು ಮೋರಿಯ ಪಕ್ಕಕ್ಕೇ ಹಾಕಿಸಿದ್ದರಿಂದ ಅದಕ್ಕೂ ಉಳಿಗಾಲವಿದೆ.

ಕಪ್ಪೆಗಳ ಮುಂದೆ ಇದೆಲ್ಲ ನಡೆಯುವುದಿಲ್ಲ. ಮೂವತ್ತರಲ್ಲಿ ಬಂದರೇನು, ಹತ್ತರಲ್ಲಿ ಬಂದರೇನು, ಚಕ್ರದಡಿ ಸಿಕ್ಕ ಕಪ್ಪೆ ಕಪ್ಪೆಯಾಗಿ ಉಳಿಯುವುದಿಲ್ಲ. ಭರಣಿ ಮಳೆಯ ಮೊದಲ ಅಬ್ಬರಕ್ಕೆ ಅವು ನೂರಾರು ಸಂಖ್ಯೆಯಲ್ಲಿ ಹಳ್ಳದ ಕಡೆಗೆ ಹೊರಡುತ್ತವೆ. ಬೀದಿದೀಪದ ಕೆಳಗೆ ಹುಳು ಬೀಳುವುದರಿಂದ ಕೆಲವು ಅಲ್ಲೇ, ರಸ್ತೆಯ ನಡುವೆಯೇ ಊಟಕ್ಕೆ ಕೂರುತ್ತವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ತಡೆಯುತ್ತಾರಲ್ಲ, ಹಾಗೆ ನಾವೂ ಮುಚ್ಚೋಣ ಎಂದು ಒಬ್ಬರು ಸೂಚಿಸಿದರು. ಸಾರ್ವಜನಿಕ ರಸ್ತೆಗೆ ಬೀಗ ಹಾಕಲು ನಾವ್ಯಾರು? ಒಂದು ಸಲ ಕಾಂಕ್ರೀಟು ಸುರಿದು ಬುದ್ಧಿ ಬಂದಿತ್ತು. ದೀಪಕ್ಕೆ ಮರೆ ಹಾಕಿಸಿದೆವು. ಮೊದಲ ಮಳೆಯ ಎರಡು ಮೂರು ರಾತ್ರಿ ಎರಡೂ ತುದಿಯಲ್ಲಿ ಕೊಡೆ, ಟಾರ್ಚು ಹಿಡಿದು ನಿಂತು, ಬಂದವರಿಗೆ ದೊಡ್ಡ ರಸ್ತೆಯಲ್ಲೇ ಹೋಗಿ ಎಂದು ಕೈಮುಗಿಯುತ್ತೇವೆ. ಮುಕ್ಕಾಲು ಪಾಲು ಜನ ತಿರುಗಿಸುತ್ತಾರೆ. ಒಬ್ಬರು, "ಕಪ್ಪೆಗೋಸ್ಕರವಾ?" ಎಂದು ಗಾಜು ಇಳಿಸಿ ಕೇಳಿ, ನಕ್ಕು, ಆಮೇಲೆ ತಿರುಗಿಸಿದರು.

ಗೆರೆಗಳನ್ನು ಈಗಲೂ ವರ್ಷಕ್ಕೆರಡು ಸಲ ಹೊಸದಾಗಿ ಎಳೆದು ಅಳೆಯುತ್ತೇನೆ. ಹೆಚ್ಚಿನವರು ಐದೂವರೆ, ಆರಕ್ಕೆ ಬಂದಿದ್ದಾರೆ. ನಮ್ಮ ಯಜಮಾನರದು 6.4, ಗೇಟಿನ ಬಳಿ ನಾನು ಕುಳಿತದ್ದು ಕಾಣದಿದ್ದ ದಿನ 5.8. ಬೆಳಗಿನ ಜಾವದ ಹಾಲಿನ ವ್ಯಾನು ಮಾತ್ರ ನಾಲ್ಕನ್ನು ಬಿಟ್ಟು ಕದಲಿಲ್ಲ. ಐದು ಗಂಟೆಗೆ ಎದ್ದು ಆ ಚಾಲಕರೊಡನೆ ಮಾತನಾಡಬೇಕು. ಈ ಚಳಿಯೊಂದು ಕಳೆಯಲಿ ಎಂದು ಕಾಯುತ್ತಿದ್ದೇನೆ.