13 ದಿನದ ಅಂತರದಿಂದ ಜೋಡಿ ನಕ್ಷತ್ರ ತೂಗಿದ್ದು: ನನ್ನ ಅನುಭವ

ಓಗ್ಲ್-2015-ಬಿಎಲ್‌ಜಿ-0479 ಎಂಬ ಮೈಕ್ರೋಲೆನ್ಸಿಂಗ್ ಘಟನೆಯ (ಜೋಡಿ ನಕ್ಷತ್ರವೊಂದು ಅಡ್ಡ ಬಂದು, ತನ್ನ ಗುರುತ್ವದಿಂದ ಹಿಂದಿರುವ ನಕ್ಷತ್ರದ ಬೆಳಕು ಬಗ್ಗಿಸಿ ಹೆಚ್ಚಿಸಿದ್ದು) ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಖ್ಯೆ, 13 ದಿನ. ದೂರದ ಒಂದು ನಕ್ಷತ್ರ ದಿಢೀರನೆ ಬೆಳಗಿದ್ದನ್ನು ಚಿಲಿಯ ಲಾಸ್ ಕಂಪಾನಾಸ್‌ನ 1.3 ಮೀಟರ್ ದೂರದರ್ಶಕವೂ ನೋಡಿತು, ಬಾಹ್ಯಾಕಾಶದಲ್ಲಿದ್ದ ಸ್ಪಿಟ್ಜರ್ ದೂರದರ್ಶಕ ಕೂಡ ನೋಡಿತು. ಆದರೆ ಎರಡಕ್ಕೂ ಕಂಡ ಸಮಯದ ನಡುವೆ ಸುಮಾರು 13 ದಿನ! ಮೋಡದ ನೆರಳು ಒಂದು ಹೊಲ ದಾಟಿ ಸ್ವಲ್ಪ ಹೊತ್ತಿಗೆ ಇನ್ನೊಂದು ಹೊಲಕ್ಕೆ ಬರುತ್ತೆ ಅಲ್ವಾ, ಹಾಗೆ. ಸ್ಪಿಟ್ಜರ್ ಆಗ ನಮ್ಮಿಂದ ಸೂರ್ಯನಿಗಿಂತಲೂ ದೂರದಲ್ಲಿತ್ತು.

ಸುಮ್ನೆ ಓದಿದರೆ ಸಾಲದು, ಲೆಕ್ಕ ಮಾಡಿಯೇ ನೋಡೋಣ ಎಂದು ಕುಳಿತೆ. ಅಡ್ಡ ಬಂದು ಬೆಳಕು ಬಗ್ಗಿಸಿದ ಜೋಡಿಯ ತೂಕ ಸಿಗಬೇಕಾದರೆ ಎರಡು ಅಳತೆ ಬೇಕು. ಒಂದು, ಐನ್‌ಸ್ಟೈನ್ ಕೋನ, ಅಂದರೆ ಬಗ್ಗಿದ ಬೆಳಕು ಆಕಾಶದಲ್ಲಿ ಮಾಡಬಹುದಾದ ಉಂಗುರದ ತ್ರಿಜ್ಯ, ಕೋನದ ಲೆಕ್ಕದಲ್ಲಿ. ಜೋಡಿಯ ಹಿಂದಿನ, ಆ ದೂರದ ನಕ್ಷತ್ರ ಕಾಸ್ಟಿಕ್ ಗೆರೆ (ಬೆಳಕು ಅತಿ ಹೆಚ್ಚಾಗುವ ಎಲ್ಲೆ) ದಾಟುವಾಗ ಬೆಳಕು ಥಟ್ಟನೆ ಏರುತ್ತದೆ. ಆ ಏರಿಕೆಗೆ ಹಿಡಿದ ಹೊತ್ತು ನಕ್ಷತ್ರದ ಗಾತ್ರ ಹೇಳುತ್ತದೆ, ಆದರೆ ಐನ್‌ಸ್ಟೈನ್ ಕೋನದ ಎಷ್ಟನೇ ಪಾಲು ಎಂದು ಮಾತ್ರ. ಅದರ ನಿಜವಾದ ಕೋನ ಬಣ್ಣ ಮತ್ತು ಹೊಳಪಿನಿಂದ ಗೊತ್ತಾಗುತ್ತದೆ. ಎರಡನ್ನೂ ಭಾಗಿಸಿದರೆ ಆಯಿತು. ಇನ್ನೊಂದು ಅಳತೆ ಪ್ಯಾರಲಾಕ್ಸ್, ಅಂದರೆ ನೋಡುವ ಜಾಗ ಬದಲಾದಾಗ ಸ್ಥಾನ ಎಷ್ಟು ಸರಿದಂತೆ ಕಾಣುತ್ತದೆ ಎಂಬುದು; ಇಲ್ಲಿ ಅದನ್ನೂ ಐನ್‌ಸ್ಟೈನ್ ಕೋನದ ಪಾಲಾಗಿ ಅಳೆಯುತ್ತಾರೆ. ಅದನ್ನು ಕೊಡುವುದೇ ಈ 13 ದಿನ.

ನಾನು ಉತ್ತರದಿಂದ ಹಿಂದಕ್ಕೆ ಹೊರಟೆ. ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಸೂರ್ಯನ ಜಾತಿಯ ಜಿ ನಕ್ಷತ್ರಗಳು. ಒಂದರ ತೂಕ ಸೂರ್ಯನಷ್ಟೇ, ಇನ್ನೊಂದು ಸುಮಾರು 0.9 ಪಾಲು. ದೂರ ಸುಮಾರು 3 ಕಿಲೋಪಾರ್ಸೆಕ್, ಅಂದರೆ ಹತ್ತಿರತ್ತಿರ 10,000 ಜ್ಯೋತಿರ್ವರ್ಷ. ಹಿಂದಿನ ನಕ್ಷತ್ರ 8 ಕಿಲೋಪಾರ್ಸೆಕ್‌ನಲ್ಲಿದೆ ಎಂದುಕೊಂಡೆ. ಕೋನ ಸುಮಾರು 1.8 ಮಿಲಿಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ ಇಂಥವು 36 ಲಕ್ಷ) ಬಂತು, ಪ್ಯಾರಲಾಕ್ಸ್ 0.116. ಈಗ ಮುಂದಕ್ಕೆ: 1.8 ಅನ್ನು 8.144 (ಈ ಲೆಕ್ಕದ ಸ್ಥಿರಾಂಕ) ಮತ್ತು 0.116ರ ಗುಣಲಬ್ಧದಿಂದ ಭಾಗಿಸಿದೆ. 1.9 ಸೂರ್ಯ. ಸರಿಹೋಯಿತು.

ದೂರದಲ್ಲಿ ಮಾತ್ರ ಎಡವಿದೆ. ಕೋನವನ್ನೂ ಪ್ಯಾರಲಾಕ್ಸನ್ನೂ ಗುಣಿಸಿ, ಬಂದದ್ದರಿಂದ 1 ಅನ್ನು ಭಾಗಿಸಿದರೆ 4.8 ಕಿಲೋಪಾರ್ಸೆಕ್! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಆ ಗುಣಲಬ್ಧ ಜೋಡಿಯ ಮತ್ತು ಹಿಂದಿನ ನಕ್ಷತ್ರದ ಪ್ಯಾರಲಾಕ್ಸ್‌ಗಳ ವ್ಯತ್ಯಾಸ. ಹಿಂದಿನ ನಕ್ಷತ್ರದ 1/8 ಅನ್ನು ಕೂಡಿಸಲೇಬೇಕು. ಕೂಡಿಸಿ ಆಮೇಲೆ 1 ಅನ್ನು ಭಾಗಿಸಿದೆ, 3 ಬಂತು. ಹೊಸದಾಗಿ ಲೆಕ್ಕ ಮಾಡುವವರು ಇದೊಂದನ್ನು ಮರೆಯಬೇಡಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ಆ ಜಾಗದಿಂದ ಬರುವ ಬೆಳಕಿನಲ್ಲಿ, ಬಗ್ಗಿ ಹೆಚ್ಚಾಗದೆ ಹಾಗೇ ಉಳಿಯುವ ಒಂದು ಪಾಲು ಇದೆ. ಲೆಕ್ಕದಲ್ಲಿ ಅದನ್ನು ಬೇರೆಯಾಗಿ ತೆಗೆದಿಡುತ್ತೇವೆ. ಇಲ್ಲಿ ಆ ಪಾಲಿನ ಬಣ್ಣ, ಹೊಳಪು ಎರಡೂ ಈ ಜೋಡಿಗೆ ಒಪ್ಪುತ್ತವೆ. ಅಂದರೆ ಅದು ಬಹುಶಃ ಆ ಜೋಡಿಯದೇ ಬೆಳಕು. ರೋಹಿತ (ಸ್ಪೆಕ್ಟ್ರಮ್) ತೆಗೆದು ನೋಡುವಷ್ಟು ಪ್ರಕಾಶವೂ ಅದಕ್ಕಿದೆ.