ಹಾರ್ಡಿಯ ಮರಗಳನ್ನು ಓದಿ ಕೇಳಿಸುವಾಗ

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾನು ಇಂಗ್ಲಿಷ್ ಕಾದಂಬರಿಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಅದರಲ್ಲಿ ಥಾಮಸ್ ಹಾರ್ಡಿಯ ಪುಸ್ತಕಗಳೇ ಜಾಸ್ತಿ. ಮರ, ಗಾಳಿ, ಬೆಟ್ಟ ಅಂತ ಬಂದ ಕೂಡಲೇ ಬೇಗ ಓದಿ ಕಥೆಗೆ ಹೋಗೋಣ ಅನ್ನಿಸುತ್ತದೆ ಅಲ್ವಾ? ಹಾರ್ಡಿಯನ್ನು ಹಾಗೆ ಓದಬಾರದು. ಅವನ ಕಥೆಗಳಲ್ಲಿ ಎಷ್ಟೋ ಸಲ ಕತ್ತಲು. ಎಲ್ಲಿದ್ದೇವೆ, ಯಾರು ಬರುತ್ತಿದ್ದಾರೆ ಅನ್ನುವುದು ತಿಳಿಯುವುದೇ ಕಿವಿಯಿಂದ.

1872ರ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಶುರುವಾಗುವುದೇ ಮರಗಳ ದನಿಯಿಂದ. ಗಾಳಿಗೆ ಫರ್ ಬಿಕ್ಕುತ್ತದೆ, ಹಾಲಿ ಸಿಳ್ಳೆ ಹಾಕುತ್ತದೆ, ಆಶ್ ಬುಸುಗುಡುತ್ತದೆ, ಬೀಚ್ ಮರ ಸರಸರ ಅನ್ನುತ್ತದೆ. ಅದು ಕ್ರಿಸ್‌ಮಸ್ ಹಿಂದಿನ ರಾತ್ರಿ. ಎಲೆ ಉದುರಿದ ಮರಗಳ ದನಿ ಚಳಿಗಾಲದಲ್ಲಿ ಬದಲಾದರೂ ಗುರುತು ಅಳಿಯುವುದಿಲ್ಲ ಎಂದು ಹಾರ್ಡಿ ಸೇರಿಸುತ್ತಾನೆ. ಆ ಕತ್ತಲಲ್ಲಿ ಒಬ್ಬ ಹುಡುಗ ನಡೆದು ಬರುತ್ತಾನೆ. ಅವನೂ ನಮಗೆ ಮೊದಲು ಸಿಗುವುದು ಹೆಜ್ಜೆಯ ಸದ್ದಿನಿಂದ, ಹಾಡಿನಿಂದ.

ಓದುವ ಮುಂಚೆ ಪ್ರತಿ ಸದ್ದಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ವಿಷಯ ಬರೆದುಕೊಳ್ಳುತ್ತೇನೆ: ಇದು ಎಲ್ಲಿಂದ ಹುಟ್ಟಿತು? ಹಾಲಿಯ ಎಲೆ ಗಡುಸು, ಅಂಚಿನಲ್ಲಿ ಮುಳ್ಳು, ಒಂದಕ್ಕೊಂದು ಬಡಿಯುತ್ತದೆ. ಫರ್‌ನದು ಸೂಜಿ ಎಲೆ. ಕರಾವಳಿಯ ಹುಡುಗಿಯೊಬ್ಬಳು “ಮರ ಬಿಕ್ಕೋದು ಹೇಗೆ ಮೇಡಂ?” ಎಂದು ಕೇಳಿದ್ದಳು. ನಾನು ಅವಳಿಗೆ ಸಮುದ್ರದ ದಂಡೆಯ ಗಾಳಿಮರಗಳನ್ನು ನೆನಪಿಸಿದೆ. ಮುಂದೆ ವಿವರಿಸುವ ಅಗತ್ಯವೇ ಬರಲಿಲ್ಲ.

ಓದುವಾಗ ಬಿಕ್ಕುವ ಅಭಿನಯ ಮಾಡುವುದಿಲ್ಲ. ಹಿನ್ನೆಲೆಗೆ ಗಾಳಿಯ ರೆಕಾರ್ಡಿಂಗ್ ಕೂಡ ಹಾಕುವುದಿಲ್ಲ. ಹಾಕಿದರೆ ನಾಲ್ಕು ಮರಗಳೂ ಸುಮ್ನೆ ಒಂದೇ ಗದ್ದಲವಾಗುತ್ತವೆ. ಒಂದು ಮರಕ್ಕೂ ಇನ್ನೊಂದಕ್ಕೂ ನಡುವೆ ಉಸಿರಿನಷ್ಟು ಜಾಗ ಬಿಟ್ಟರೆ ಸಾಕು.

ನನಗೆ ತುಂಬಾ ಪ್ರಿಯವಾದ ಪುಟ ಇರುವುದು 1878ರ ‘ದ ರಿಟರ್ನ್ ಆಫ್ ದ ನೇಟಿವ್’ನಲ್ಲಿ. ನವೆಂಬರ್ ರಾತ್ರಿ, ಎಗ್ಡನ್ ಹೀತ್ ಎಂಬ ಕುರುಚಲು ಬಯಲು, ದಿಬ್ಬದ ಮೇಲೆ ಒಂಟಿ ಹೆಂಗಸು ಯುಸ್ಟೇಸಿಯಾ. ಗಾಳಿಯಲ್ಲಿ ಹಾರ್ಡಿಗೆ ಬೇರೆ ಬೇರೆ ಸ್ಥಾಯಿಗಳು ಕೇಳುತ್ತವೆ. ಗುಂಡಿ ದಿಬ್ಬಗಳಿಗೆ ತಾಗಿ ಬರುವುದು ತೀರಾ ಮಂದ್ರ. ಅದರ ಮೇಲೆ ಹಾಲಿ ಮರದ ಗುಂಯ್‌ಗುಡುವಿಕೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಸಣ್ಣದಾಗಿ, ಒಂದು ಒಣ ಪಿಸುದನಿ. ಹೋದ ಬೇಸಿಗೆಯಲ್ಲಿ ಅರಳಿ, ಮಳೆಗೆ ಬಣ್ಣ ಕಳೆದುಕೊಂಡು ಒಣಗಿದ ಪುಟ್ಟ ಗಂಟೆ ಹೂಗಳೊಳಗೆ ಗಾಳಿ ನುಗ್ಗಿ ಹೊರಡಿಸಿದ ದನಿ ಅದು. ತೊಂಬತ್ತು ವರ್ಷದವರ ಗಂಟಲಲ್ಲಿ ಉಳಿದ ಹಾಡಿನ ಚೂರುಗಳಿಗೆ ಅದನ್ನು ಹೋಲಿಸುತ್ತಾನೆ. ಈ ಕಿವಿ ಎಲ್ಲಿಂದ ಬಂತು? ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹಾರ್ಡಿ ಹುಟ್ಟಿದ ಮನೆ ಕಾಡಿಗೂ ಇಂಥದೇ ಕುರುಚಲು ಬಯಲಿಗೂ ಅಂಟಿಕೊಂಡಿತ್ತು. ಅಪ್ಪ, ಅಜ್ಜ ಇಬ್ಬರೂ ಸ್ಟಿನ್ಸ್‌ಫರ್ಡ್ ಚರ್ಚಿನಲ್ಲಿ ತಂತಿವಾದ್ಯ ನುಡಿಸುತ್ತಿದ್ದರು. ಹಾರ್ಡಿಯೂ ಪಿಟೀಲು ಬಾರಿಸುತ್ತಿದ್ದ.

ಆಮೇಲೆ ಯುಸ್ಟೇಸಿಯಾ ನಿಟ್ಟುಸಿರಿಡುತ್ತಾಳೆ. ಅದೂ ಬಯಲಿನ ಮಾತಿನದೇ ಮುಂದುವರಿಕೆ, ಗಾಳಿಯ ಜೊತೆಗೇ ಹೊರಟು ಹೋಗುತ್ತದೆ. ಇಲ್ಲಿ ಕಥೆ ಶುರುವಾಯಿತೆಂದು ದನಿ ಎತ್ತಿದರೆ ಹಾರ್ಡಿ ಹೆಣೆದದ್ದು ಬಿಚ್ಚಿಹೋಗುತ್ತದೆ. ಹಾಗಾಗಿ ಒಣ ಹೂಗಳಿಗೆ ಇಟ್ಟ ದನಿಯಲ್ಲೇ, ಅದೇ ವೇಗದಲ್ಲೇ ಅವಳ ನಿಟ್ಟುಸಿರನ್ನೂ ಓದುತ್ತೇನೆ.